ಅಘನಾಶಿನಿಯ ಅಳಿವೆಯಲ್ಲಿ ನಾಲ್ಕು ದಿನ

ಏಪ್ರಿಲ್ ಬಂತೆಂದರೆ ಮನೆಗಳಲ್ಲಿ ಎರಡು ಬಗೆಯ ಮಾತು ಶುರುವಾಗುತ್ತದೆ. ಮಕ್ಕಳದು ‘ಎಲ್ಲಿಗೆ ಹೋಗೋಣ?’ ಎಂಬ ಪ್ರಶ್ನೆ. ಹಿರಿಯರದು ‘ಎಷ್ಟು ದಿನ ರಜೆ ಸಿಕ್ಕೀತು?’ ಎಂಬ ಲೆಕ್ಕ. ಈ ಎರಡರ ನಡುವೆ ಸಾಮಾನ್ಯವಾಗಿ ತಯಾರಾಗುವುದು ಒಂದೇ ಥರದ ಪ್ರವಾಸ: ಮೂರು ದಿನ, ಎಂಟು ಊರು.

ನಾವೂ ಒಮ್ಮೆ ಹಾಗೇ ಹೋಗಿ ಬಂದವರು. ಜೋಗ, ಇಡಗುಂಜಿ, ಮುರ್ಡೇಶ್ವರ, ಗೋಕರ್ಣ, ಯಾಣ ಎಂದು ಪಟ್ಟಿ ಬೆಳೆಯುತ್ತಾ ಕಾರವಾರದವರೆಗೂ ಹೋಗಿತ್ತು. ಮೂರನೆಯ ದಿನ ಕಾರವಾರದ ಕಡಲತೀರದಲ್ಲಿ ಮಗ ಕಾರಿನಿಂದ ಇಳಿಯಲೇ ಇಲ್ಲ. ‘ಇದೂ ಸಮುದ್ರ ತಾನೆ, ನಿನ್ನೆ ನೋಡಿದ್ದೇ’ ಎಂದು ಕಣ್ಣು ಮುಚ್ಚಿದ. ಶಾಲೆ ತೆರೆದ ಮೇಲೆ ಮಗಳು ಬರೆದ ‘ನನ್ನ ಪ್ರವಾಸ’ ಎಂಬ ಪ್ರಬಂಧದ ಅರ್ಧ ಭಾಗ ಘಟ್ಟದ ತಿರುವಿನಲ್ಲಿ ತಾನು ವಾಂತಿ ಮಾಡಿಕೊಂಡ ವರ್ಣನೆಯೇ ಆಗಿತ್ತು. ಉಳಿದರ್ಧದಲ್ಲಿ ಊರುಗಳ ಹೆಸರಿದ್ದವು.

ಎರಡನೆಯ ಸಲ ಹೊರಟಾಗ ಮಗ ಹತ್ತನೆಯ ತರಗತಿಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ. ಮುಂದಿನ ಎರಡು ಬೇಸಿಗೆ ಕೋಚಿಂಗ್ ತರಗತಿಗಳ ಪಾಲು ಎಂಬುದು ಆಗಲೇ ತೀರ್ಮಾನವಾಗಿತ್ತು. ಆಮೇಲೆ ಯಾವ ಊರಿನ ಹಾಸ್ಟೆಲ್ಲೋ! ನಾಲ್ವರೂ ಒಂದೇ ಕಾರಿನಲ್ಲಿ ಕೂತು ಹೊರಡುವ ಬೇಸಿಗೆ ಬಹುಶಃ ಇದೇ ಕೊನೆಯದು ಎಂದು ನಮಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹಾಗಾಗಿ ಈ ಸಲ ಯೋಜನೆಯನ್ನು ಮಕ್ಕಳ ಕೈಗೇ ಕೊಟ್ಟೆವು. ಜಿಲ್ಲೆಯ ಭೂಪಟವನ್ನು ನೆಲದ ಮೇಲೆ ಹರಡಿ ಹೇಳಿದ ನಿಯಮ ಒಂದೇ: ‘ಊರುಗಳನ್ನು ಎಣಿಸಬೇಡಿ, ಒಂದು ನದಿ ಆರಿಸಿಕೊಳ್ಳಿ.’

ಉತ್ತರ ಕನ್ನಡದ ಕರಾವಳಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ದೊಡ್ಡ ನದಿಗಳು ಸಮುದ್ರ ಸೇರುತ್ತವೆ. ಕಾಳಿಗೂ ಶರಾವತಿಗೂ ದೊಡ್ಡ ಅಣೆಕಟ್ಟೆಗಳಿವೆ. ಶಿರಸಿಯ ಕಡೆ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಅಘನಾಶಿನಿಗೆ ಅಂಥ ಅಣೆಕಟ್ಟೆ ಒಂದೂ ಇಲ್ಲ. ಮಗಳು ಅದರ ಮೇಲೆ ಬೆರಳಿಟ್ಟಳು. ಕಾರಣ ಕೇಳಿದರೆ, ‘ಹೆಸರು ಚೆನ್ನಾಗಿದೆ’ ಎಂದಳು. ಅಘನಾಶಿನಿ ಎಂದರೆ ಪಾಪವನ್ನು ನಾಶ ಮಾಡುವವಳು ಎಂದು ಅವಳಣ್ಣ ಅರ್ಥ ಹೇಳಿದ. ಅಲ್ಲಿಗೆ ತೀರ್ಮಾನವಾಯಿತು.

ಯಾವ ದಾರಿ, ಯಾವ ಹೊತ್ತು?

ಬಯಲುಸೀಮೆಯಿಂದ ಈ ಕರಾವಳಿಗೆ ಇಳಿಯಲು ಮುಖ್ಯವಾಗಿ ಮೂರು ದಾರಿಗಳಿವೆ. ಬೆಂಗಳೂರಿನವರಿಗೆ ಶಿವಮೊಗ್ಗ, ಸಾಗರ, ಗೇರುಸೊಪ್ಪೆ ಮೂಲಕ ಹೊನ್ನಾವರ ಸುಮಾರು 460 ಕಿಲೋಮೀಟರ್. ಹಾವೇರಿ, ಶಿರಸಿ ಮೂಲಕ ದೇವಿಮನೆ ಘಟ್ಟವಿಳಿದು ಕುಮಟೆಗೆ ಬರುವ ದಾರಿ ಇನ್ನೊಂದು. ಇದರಲ್ಲಿ ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್. ಹುಬ್ಬಳ್ಳಿ ಕಡೆಯವರಿಗೆ ಯಲ್ಲಾಪುರ, ಅರಬೈಲು ಘಟ್ಟದ ಮೂಲಕ ಅಂಕೋಲೆಯ ದಾರಿ ಹತ್ತಿರ. ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲಗೊಳಿಸುವ ಕೆಲಸಕ್ಕಾಗಿ ಇತ್ತೀಚಿನ ವರ್ಷಗಳಲ್ಲಿ ಆಗಾಗ ಸಂಚಾರ ನಿಲ್ಲಿಸಿದ್ದುಂಟು. ಆದ್ದರಿಂದ ಹೊರಡುವ ಹಿಂದಿನ ದಿನ ಶಿರಸಿಯಲ್ಲಿ ಯಾರನ್ನಾದರೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇಳಿಯುವ ದಾರಿ ಒಂದು, ಹತ್ತುವ ದಾರಿ ಇನ್ನೊಂದು ಇರಲಿ. ಒಂದೇ ಖರ್ಚಿನಲ್ಲಿ ಎರಡು ಘಟ್ಟ ನೋಡಿದಂತಾಗುತ್ತದೆ. ಆದರೆ ಎರಡನ್ನೂ ಹಗಲಿನಲ್ಲೇ ದಾಟಿ. ಬೆಳಗಿನ ಜಾವ ಹೊರಟವರು ಮಧ್ಯಾಹ್ನದ ಊಟವನ್ನು ಘಟ್ಟದ ಮೇಲೆ ಹಗುರವಾಗಿ ಮುಗಿಸಿ, ಅರ್ಧ ಗಂಟೆ ನೆರಳಿನಲ್ಲಿ ಕೂತು, ಆಮೇಲೆ ಇಳಿದರೆ ಮಕ್ಕಳ ಹೊಟ್ಟೆ ತಡೆಯುತ್ತದೆ. ಪೆಟ್ರೋಲು ಮೇಲೆಯೇ ತುಂಬಿಸಿಕೊಳ್ಳಿ. ಘಟ್ಟದಲ್ಲಿ ಮೊಬೈಲಿನ ಸಂಕೇತ ಬಂದು ಹೋಗಿ ಮಾಡುತ್ತದೆ. ಅದರ ನಕ್ಷೆಯನ್ನೇ ನಂಬಿ ಹೊರಡುವ ಬದಲು ಕಾಗದದ ಭೂಪಟವೊಂದನ್ನು ಮಕ್ಕಳ ಕೈಯಲ್ಲಿಡಿ. ದಾರಿ ತೋರಿಸುವ ಜವಾಬ್ದಾರಿ ಸಿಕ್ಕಿದ ಹುಡುಗನಿಗೆ ವಾಂತಿಯ ನೆನಪೂ ಬರುವುದಿಲ್ಲ. ಇದು ಸ್ವಂತ ಅನುಭವ.

ಗೇರುಸೊಪ್ಪೆಯ ದಾರಿಯಲ್ಲಿ ಸಿಂಗಳೀಕಗಳು ರಸ್ತೆಯಂಚಿಗೆ ಬಂದು ಕೂರುತ್ತವೆ. ಪಶ್ಚಿಮ ಘಟ್ಟಗಳಲ್ಲಿ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲದ ಪ್ರಾಣಿ ಇದು. ಮರದಿಂದ ಮರಕ್ಕೆ ಹಾರಿಕೊಂಡೇ ಬದುಕುವ ಈ ಪ್ರಾಣಿಯನ್ನು ಡಾಂಬರಿಗೆ ಇಳಿಸಿದ್ದು ನಮ್ಮ ಚಿಪ್ಸು, ಬಿಸ್ಕತ್ತು. ನೋಡಿ, ತಿನ್ನಿಸಬೇಡಿ.

ಹೋಗಲು ಒಳ್ಳೆಯ ಕಾಲ ಏಪ್ರಿಲ್ ಮಧ್ಯದಿಂದ ಮೇ ಮೂರನೆಯ ವಾರದವರೆಗೆ. ಸೆಕೆ ಇದೆ, ಬೆವರು ಹರಿಯುತ್ತದೆ, ನಿಜ. ಆದರೆ ಜೂನ್ ಹತ್ತಿರವಾದಂತೆ ಕಡಲು ಕೆರಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಮಳೆಗಾಲದಲ್ಲಿ ಹೆದ್ದಾರಿಯನ್ನೂ ನೆಚ್ಚುವಂತಿಲ್ಲ. ಅಂಕೋಲೆ ಬಳಿಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯ ಬದಿಯ ಚಹಾದಂಗಡಿಯೂ, ಅಲ್ಲಿ ನಿಂತಿದ್ದವರೂ ಗಂಗಾವಳಿಯ ಪಾಲಾದದ್ದನ್ನು ಯಾರೂ ಮರೆತಿಲ್ಲ.

ಉಬ್ಬರದ ಲೆಕ್ಕ

ತಂಗಲು ಕುಮಟೆ ಅಥವಾ ಗೋಕರ್ಣ, ಯಾವುದಾದರೂ ಒಂದೇ ಊರು ಸಾಕು. ಎರಡರ ನಡುವೆ ಸುಮಾರು 30 ಕಿಲೋಮೀಟರ್. ನಾಲ್ಕು ರಾತ್ರಿಯೂ ಒಂದೇ ಕಡೆ ಇದ್ದರೆ ದಿನಾ ಗಂಟುಮೂಟೆ ಕಟ್ಟುವ ಕೆಲಸವಿಲ್ಲ. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಏಳು ತಿರುಗಾಟಕ್ಕೆ. ನಡುಹಗಲು ಊಟ, ನಿದ್ದೆ, ಮುರುಗಲು ಹಣ್ಣಿನ ಪಾನಕಕ್ಕೆ.

ದಿನಚರಿಯನ್ನು ಗಡಿಯಾರಕ್ಕಿಂತ ಉಬ್ಬರ-ಇಳಿತಕ್ಕೆ ಹೊಂದಿಸಿಕೊಂಡದ್ದು ನಮಗೆ ಬಹಳ ಉಪಯೋಗಕ್ಕೆ ಬಂತು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇವತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಪುಸ್ತಕದಲ್ಲಿ ಓದಿದ್ದ ಈ ಪಾಠವನ್ನು ಮಗ ಅಜ್ಜನ ಪಂಚಾಂಗ ಮುಂದಿಟ್ಟುಕೊಂಡು ಲೆಕ್ಕ ಹಾಕಿದ. ಮೊದಲ ದಿನ ಅವನ ಲೆಕ್ಕ ಒಂದು ಗಂಟೆ ತಪ್ಪಿತು. ಎರಡನೆಯ ದಿನ ಸರಿಯಾಯಿತು. ಅವನ ಮುಖ ನೋಡಬೇಕಿತ್ತು!

ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಯಲ್ಲಿ ಮರಳದಿಬ್ಬಗಳು ಮೇಲೇಳುತ್ತವೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತ ಹೆಂಗಸರು, ಗಂಡಸರು ಬಳಚು ಆರಿಸುತ್ತಿರುತ್ತಾರೆ. ನೀರಿನ ಉಪ್ಪು-ಸಿಹಿಯ ಹದ ಕೆಟ್ಟರೆ ಈ ಚಿಪ್ಪುಜೀವಿ ಬದುಕುವುದಿಲ್ಲ. ಎಷ್ಟೋ ಮನೆಗಳ ಒಲೆ ಉರಿಯುವುದು ಆ ಹದವನ್ನು ನಂಬಿಕೊಂಡೇ. ತದಡಿಯ ಬಂದರಿನಲ್ಲಿ ಕಾರು ನಿಲ್ಲಿಸಿ, ಆಚೆ ದಡದ ಅಘನಾಶಿನಿ ಊರಿಗೆ ಜನರ ಜೊತೆ, ಬೈಕುಗಳ ಜೊತೆ, ಬುಟ್ಟಿಗಳ ಜೊತೆ ದೋಣಿಯಲ್ಲಿ ದಾಟಿ. ವಿಹಾರದೋಣಿಗೆ ದುಡ್ಡು ಕೊಟ್ಟು ನೋಡುವುದಕ್ಕಿಂತ ಹೆಚ್ಚನ್ನು ಈ ಸಾಮಾನ್ಯ ದೋಣಿಯಲ್ಲಿ ನೋಡಬಹುದು.

ಉಪ್ಪು, ಮೆಣಸು, ಈರುಳ್ಳಿ

ಗೋಕರ್ಣದ ದಾರಿಯಲ್ಲಿ ಸಿಗುವ ಸಾಣಿಕಟ್ಟಾ ಉಪ್ಪಿನಾಗರಗಳಿಗೆ ಬೇಸಿಗೆಯೇ ಸುಗ್ಗಿ. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಮಡಿಯಿಂದ ಮಡಿಗೆ ಹಾಯಿಸುತ್ತಾ ಬಿಸಿಲಿಗೆ ಇಂಗಿಸುತ್ತಾರೆ. ಕೊನೆಯ ಮಡಿಯಲ್ಲಿ ಹರಳುಗಟ್ಟಿದ ಉಪ್ಪನ್ನು ಎಳೆದು ಗುಡ್ಡೆ ಹಾಕುತ್ತಾರೆ. ಮೇ ತಿಂಗಳಿನಲ್ಲಿ ಒಂದು ಜೋರು ಮಳೆ ಬಂದರೆ ದಿನಗಟ್ಟಲೆಯ ದುಡಿಮೆ ನೀರಲ್ಲಿ ಕರಗಿಹೋಗುತ್ತದೆ. ಬೆಳಿಗ್ಗೆ ಏಳಕ್ಕೆ ಹೋಗಿ. ಕೆಲಸದವರನ್ನು ಕೇಳಿ, ಒಪ್ಪಿದರೆ ಮಾತ್ರ ಹತ್ತಿರ ಹೋಗಿ, ಬದುವಿನ ಮೇಲೆ ನಡೆಯಿರಿ. ಸಮೀಪದ ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು ಎಂಬ ಪಾಠದ ಸಾಲು ಇಲ್ಲಿ ನಿಂತಾಗ ಬೇರೆಯೇ ರುಚಿ ಕೊಡುತ್ತದೆ. ಒಂದು ಹಿಡಿ ಉಪ್ಪಿಗೆ ಎಷ್ಟು ಬಿಸಿಲು ಬೇಕು ಎಂಬುದು ಕಣ್ಣೆದುರಿಗೇ ಇರುತ್ತದಲ್ಲ!

ಅಳಿವೆಯ ಬದಿಯ ತಗ್ಗುಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಉಪ್ಪುನೀರನ್ನು ತಡೆದುಕೊಳ್ಳುವ ‘ಕಗ್ಗ’ ಎಂಬ ಭತ್ತ ಮಾಣಿಕಟ್ಟಾದ ಕಡೆ ಈಗಲೂ ಉಳಿದಿದೆ. ಮಳೆಗಾಲದಲ್ಲಿ ಭತ್ತ, ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಸೀಗಡಿ, ಮೀನು. ಗೊಬ್ಬರ ಕೇಳದ ಈ ಬೇಸಾಯ ಈಗ ಕಡಿಮೆಯಾಗುತ್ತಾ ಬಂದಿದೆ.

ಹೆದ್ದಾರಿಯ ಪಕ್ಕದಲ್ಲೇ, ಕುಮಟೆಯಿಂದ ಹತ್ತು-ಹನ್ನೆರಡು ಕಿಲೋಮೀಟರಿನಲ್ಲಿ ಮಿರ್ಜಾನ್ ಕೋಟೆ. ಕೆಂಪು ಜಂಬಿಟ್ಟಿಗೆಯ ಗೋಡೆ, ಸುತ್ತ ಕಂದಕ, ಒಳಗೆ ಆಳದ ಬಾವಿಗಳು. ಘಟ್ಟದ ಮೇಲಿನ ಕಾಳುಮೆಣಸು ಈ ನದಿಯ ದಾರಿಯಲ್ಲೇ ಹಡಗು ಸೇರುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಈ ಸೀಮೆಯನ್ನಾಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದೇ ಕರೆದರು. ಕೋಟೆಯ ಮೇಲಿನಿಂದ ನದಿ ಎಲ್ಲಿದೆ ಎಂದು ಮಕ್ಕಳಿಗೆ ಹುಡುಕಲು ಹೇಳಿ. ಕೋಟೆಯನ್ನು ಅಲ್ಲೇ ಏಕೆ ಕಟ್ಟಿದರು ಎಂಬುದು ತಾನಾಗಿ ತಿಳಿಯುತ್ತದೆ.

ದಾರಿಬದಿಯಲ್ಲಿ, ಹಂದಿಗೋಣ, ಅಳ್ವೇಕೋಡಿಗಳ ಹತ್ತಿರ, ಜಡೆ ಹೆಣೆದಂತೆ ತೂಗುಹಾಕಿದ ಕುಮಟಾ ಸಿಹಿ ಈರುಳ್ಳಿ ಕಂಡರೆ ಒಂದು ಗೊಂಚಲು ಕೊಳ್ಳಿ. ಮೇ ತಿಂಗಳಾದರೆ ಅಂಕೋಲೆಯ ಕರಿ ಇಷಾಡು ಮಾವಿನಹಣ್ಣೂ ಸಿಕ್ಕೀತು. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು ಅದು. ಬೇಸಿಗೆಯ ರಾತ್ರಿಗಳಲ್ಲಿ ಯಕ್ಷಗಾನದ ಆಟವೂ ಇರುತ್ತದೆ. ಮಳೆಗಾಲ ಹತ್ತಿರವಾದರೆ ಮೇಳಗಳ ತಿರುಗಾಟ ಮುಗಿದುಹೋಗುತ್ತದೆ. ಆದ್ದರಿಂದ ಆಟ ಎಲ್ಲಿದೆ ಎಂದು ಸಂಜೆಯೇ ವಿಚಾರಿಸಿ. ಓದುವ ಹವ್ಯಾಸದ ಮಕ್ಕಳಿಗೆ ಗೋಕರ್ಣದ ಸಮೀಪದ ಹನೇಹಳ್ಳಿಯನ್ನೂ ತೋರಿಸಬಹುದು. ಯಶವಂತ ಚಿತ್ತಾಲರು ಮುಂಬಯಿಯಲ್ಲಿದ್ದುಕೊಂಡೇ ಮತ್ತೆ ಮತ್ತೆ ಕಥೆಗಳಲ್ಲಿ ಮರಳಿ ಹೋದ ಊರು ಅದು.

ಅಲೆ ಇಲ್ಲದ ಜಾಗ

ಇನ್ನು ತಂದೆತಾಯಂದಿರು ಎರಡು ಸಲ ಓದಬೇಕಾದ ಮಾತು. ಮೂರನೆಯ ಸಂಜೆ ನಾವೊಂದು ನಿರ್ಜನ ತೀರಕ್ಕೆ ಹೋದೆವು. ಎರಡೂ ಕಡೆ ಅಲೆ ಒಡೆಯುತ್ತಿತ್ತು. ನಡುವೆ ಒಂದು ಕಡೆ ಮಾತ್ರ ನೀರು ತಣ್ಣಗೆ, ಸಪಾಟಾಗಿತ್ತು. ‘ಇಲ್ಲಿ ಅಲೆಯೇ ಇಲ್ಲ, ಇಲ್ಲಿ ಇಳಿಯೋಣ’ ಎಂದು ಮಗ ಮೊಣಕಾಲಿನವರೆಗೆ ಇಳಿದೇಬಿಟ್ಟ. ನಾನೂ ಸುಮ್ಮನಿದ್ದೆ, ನನಗೂ ಅದೇ ಸುರಕ್ಷಿತ ಅನ್ನಿಸಿತ್ತು. ಬಲೆ ಸರಿಪಡಿಸುತ್ತಿದ್ದ ಮುದುಕರೊಬ್ಬರು ಎದ್ದು ಬಂದು ಕೂಗಿದರು: ‘ತಮಾ, ಮೇಲೆ ಬಾ! ಅಲೆ ಇಲ್ದೆ ಇದ್ದಲ್ಲೇ ಸಮುದ್ರ ಎಳೀತದೆ.’

ಮಾತು ಅಕ್ಷರಶಃ ನಿಜ. ಅಲೆಗಳು ದಡಕ್ಕೆ ತಂದ ನೀರು ಹಿಂದೆ ಹೋಗಲು ಒಂದು ಆಳದ ಓಣಿ ಮಾಡಿಕೊಳ್ಳುತ್ತದೆ. ಆಳವಾದ್ದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ನೋಡಲು ಶಾಂತ. ಅದರಲ್ಲಿ ಸಿಕ್ಕವನು ದಡದತ್ತ ನೇರವಾಗಿ ಈಜಿದಷ್ಟೂ ದಣಿಯುತ್ತಾನೆ. ಗಾಬರಿಯಾಗದೆ ತೇಲುತ್ತಾ, ಕೈಯೆತ್ತಿ ಕೂಗುತ್ತಾ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತದಿಂದ ಪಾರಾಗಬಹುದು. ಕಾಪಾಡಲು ಹೋಗುವವರು ಬರಿಗೈಯಲ್ಲಿ ಹಾರಬಾರದು. ಹಗ್ಗ, ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆಯಬೇಕು. ಕೆರೆ, ಬಾವಿಯ ಈಜು ಇಲ್ಲಿ ಲೆಕ್ಕಕ್ಕಿಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಜೀವರಕ್ಷಕರು ಇರುವ ಕಡೆ, ಅವರು ಹೇಳಿದ ಗೆರೆಯೊಳಗೆ, ಹಗಲಿನಲ್ಲಿ ಮಾತ್ರ ನೀರಿಗಿಳಿಯಿರಿ. ಅವರಿಲ್ಲದ ತೀರದಲ್ಲಿ ಪಾದ ಒದ್ದೆ ಮಾಡಿಕೊಂಡರೆ ಸಾಕು. ಇದನ್ನು ಹೊರಡುವ ಮುಂಚೆ ಮನೆಯಲ್ಲೇ ಹೇಳಿ ಒಪ್ಪಿಸಿ. ಕಡಲು ಕಂಡ ಮೇಲೆ ಯಾವ ಮಗುವೂ ಉಪದೇಶ ಕೇಳುವುದಿಲ್ಲ.

ಆ ಮುದುಕರಿಗೆ ನಾವು ಕೊಟ್ಟದ್ದು ಒಂದು ನಮಸ್ಕಾರ ಮಾತ್ರ. ‘ನೋಡ್ಕಂಡು ಹೋಗಿ’ ಎಂದು ಅವರು ಮತ್ತೆ ಬಲೆಯ ಮುಂದೆ ಕೂತರು.

ಬಿಟ್ಟು ಬಂದದ್ದು

ಕಾರವಾರವನ್ನು ಈ ಸಲ ಬಿಟ್ಟೆವು. 1880ರ ದಶಕದ ಆರಂಭದಲ್ಲಿ, ಇನ್ನೂ ತರುಣರಾಗಿದ್ದ ರವೀಂದ್ರನಾಥ ಠಾಕೂರರು ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ತಂಗಿ ನಾಟಕ ಬರೆದ ಊರು. ಯಾಣವನ್ನೂ ಬಿಟ್ಟೆವು. ಪಟ್ಟಿಯಲ್ಲಿ ಅರ್ಧ ಹಾಗೇ ಉಳಿಯಿತು, ಯಾರಿಗೂ ಬೇಸರವಾಗಲಿಲ್ಲ. ನೋಡದೆ ಉಳಿದದ್ದು ಮತ್ತೆ ಬರಲು ಒಂದು ನೆಪ.

ಈ ಕರಾವಳಿಯ ಶಾಂತಿ ಶಾಶ್ವತವೆಂದು ಮಾತ್ರ ಯಾರೂ ತಿಳಿಯಬೇಕಾಗಿಲ್ಲ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಅದೇ ಅಳಿವೆಗೆ ಬಂದರು, ವಿದ್ಯುತ್ ಸ್ಥಾವರಗಳ ಪ್ರಸ್ತಾಪಗಳೂ ಬಂದು ಹೋಗಿವೆ. ಅಂಕೋಲೆಯ ಹಾಡಿನ ಅಜ್ಜಿ ಸುಕ್ರಿ ಬೊಮ್ಮಗೌಡ, ಗಿಡಗಳ ಅಜ್ಜಿ ತುಳಸಿ ಗೌಡ ಇಬ್ಬರೂ ಪದ್ಮಶ್ರೀ ಪಡೆದು ಇತ್ತೀಚೆಗೆ, 2024-25ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಮಕ್ಕಳಿಗೆ ತೋರಿಸಬೇಕಾದದ್ದನ್ನು ಇರುವಾಗಲೇ ತೋರಿಸಬೇಕು.

ಮಗನ ಫಲಿತಾಂಶ ನಾವು ಮರಳಿದ ಮೇಲೆ ಬಂತು. ಈಗ ಅವನಿಗೆ ಬೆಳಿಗ್ಗೆ ಆರಕ್ಕೆ ಕೋಚಿಂಗ್. ಮೊನ್ನೆ ಹುಣ್ಣಿಮೆಯ ದಿನ ಕ್ಯಾಲೆಂಡರಿನ ಮುಂದೆ ನಿಂತು, ‘ಇವತ್ತು ತದಡಿಯಲ್ಲಿ ದೊಡ್ಡ ಉಬ್ಬರ’ ಎಂದು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟ. ಮಗಳ ಪ್ರಬಂಧ ಈ ಸಲ ಎರಡು ಪುಟ ಇತ್ತು. ಊರುಗಳ ಹೆಸರು ಮೂರೇ. ಉಪ್ಪು ಆಗುವುದು ಹೇಗೆ ಎಂಬುದೇ ಒಂದು ಪುಟ.