ಹಾಸಿಗೆಯನ್ನು ಕಾಟಾದ ಮೇಲೆ ತೂಗಿದ ಕಥೆ

ಆನ್‌ಲೈನ್‌ನಲ್ಲಿ ಹಾಸಿಗೆ ತರಿಸಿದವರಿಗೆ ಗೊತ್ತಿರುತ್ತೆ. ಅದು ಪುಟ್ಟ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿಕೊಂಡು ಬರುತ್ತೆ, ಪ್ಲಾಸ್ಟಿಕ್ ಕತ್ತರಿಸಿದ ಕೂಡಲೇ ಉಸಿರು ಎಳೆದುಕೊಂಡು ಉಬ್ಬುತ್ತೆ. ಶಿಕಾರಿಪುರದ ನಮ್ಮ ಮನೆಯಲ್ಲಿ ಈ ತಮಾಷೆ ನೋಡೋಕೆ ಅಕ್ಕಪಕ್ಕದವರೂ ಬಂದಿದ್ದರಂತೆ. ಬೆಂಗಳೂರಲ್ಲಿ ಕೂತು 11,490 ರೂಪಾಯಿ ಕಟ್ಟಿದ್ದು ನಾನು, ಮಲಗಬೇಕಾದವರು ಅಪ್ಪಾಜಿ. ಸೊಂಟದ ಡಿಸ್ಕ್ ತೊಂದರೆ ಶುರುವಾದ ಮೇಲೆ ಡಾಕ್ಟರು ಹತ್ತಿ ಹಾಸಿಗೆ ಬಿಟ್ಟು ಗಟ್ಟಿ ಫೋಮ್‌ನದ್ದು ತಗೊಳ್ಳಿ ಅಂದಿದ್ದರು.

ಏಳನೇ ತಿಂಗಳಿಗೆ ನಡುವೆ ಗುಂಡಿ ಬಿತ್ತು. ಅಪ್ಪಾಜಿ ನನಗೆ ಹೇಳಲೇ ಇಲ್ಲ. "ಮಗ ಪ್ರೀತಿಯಿಂದ ಕಳಿಸಿದಾನೆ, ಸುಮ್ನಿರು" ಅಂತ ಅಮ್ಮನ ಬಾಯಿಯನ್ನೂ ಕಟ್ಟಿ, ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಹುಚ್ಚರಾಯಸ್ವಾಮಿ ತೇರಿಗೆ ಊರಿಗೆ ಹೋದಾಗಲೇ ನನಗೆ ವಿಷಯ ಗೊತ್ತಾಗಿದ್ದು. ಡಿಸ್ಕ್ ನೋವಿರುವ ಅರವತ್ತಾರರ ಮನುಷ್ಯ ಬೆಳಿಗ್ಗೆ ಗೋಡೆ ಹಿಡಿದು ಏಳುವುದನ್ನು ನೋಡಿದರೆ ಯಾರಿಗೂ ಸಿಟ್ಟು ಬರುತ್ತೆ.

ವಾರಂಟಿ ಕಾರ್ಡಿನಲ್ಲಿ 10 ವರ್ಷ ಅಂತ ದಪ್ಪಕ್ಷರದಲ್ಲಿತ್ತು. ಸಣ್ಣಕ್ಷರದಲ್ಲಿ, 1 ಇಂಚಿಗಿಂತ ಆಳದ ಗುಂಡಿ ಬಿದ್ದರೆ ಮಾತ್ರ ದೋಷ, ಅದಕ್ಕಿಂತ ಕಡಿಮೆ ಇದ್ದರೆ 'ಮೈಯ ಅಚ್ಚು' ಅಂತ. ಕಸ್ಟಮರ್ ಕೇರ್‌ನವರು ಹೇಳಿದಂತೆ ಈ ತುದಿಯಿಂದ ಆ ತುದಿಗೆ ದಾರ ಬಿಗಿದು, ನಡುವೆ ಸ್ಕೇಲ್ ನಿಲ್ಲಿಸಿ ಫೋಟೋ ಕಳಿಸಿದೆ. ಒಂದೂವರೆ ಇಂಚು. ನಾಲ್ಕು ದಿನಕ್ಕೆ ಉತ್ತರ ಬಂತು: ನಿಮ್ಮ ಮಂಚದ ಪಟ್ಟಿಗಳ ನಡುವೆ ಸಂದು ಜಾಸ್ತಿ ಇರಬೇಕು. ನಮ್ಮದು ಅಜ್ಜನ ಕಾಲದ ಸಾಗುವಾನಿ ಮಂಚ, ಪೂರಾ ಹಲಗೆ, ಸಂದೇ ಇಲ್ಲ. ಅದರ ಫೋಟೋನೂ ಕಳಿಸಿದೆ. ಆಮೇಲೆ 'ಸೌಹಾರ್ದಕ್ಕಾಗಿ' 1,500 ರೂಪಾಯಿ ಕೂಪನ್ ಕೊಡ್ತೀವಿ ಅಂದರು, ಅದೂ ಅವರದ್ದೇ ದಿಂಬು ಕೊಳ್ಳೋಕೆ!

"ಹೋಗ್ಲಿ ಬಿಡು ತಮ್ಮಾ, ದೊಡ್ಡ ಕಂಪನಿಯವರ ಜೊತೆ ಎಲ್ಲಿ ಗುದ್ದಾಡ್ತೀಯ" ಅಂದರು ಅಪ್ಪಾಜಿ. ನನಗೆ ಆಗ ಬೇರೆಯದೇ ಹುಳ ಹೊಕ್ಕಿತ್ತು. ನಾನು ಉಳಿಸಿಟ್ಟಿದ್ದ ಸ್ಕ್ರೀನ್‌ಶಾಟ್‌ನಲ್ಲಿ 'ಪೂರ್ತಿ 40 ಡೆನ್ಸಿಟಿ ಫೋಮ್' ಅಂತ ಸ್ಪಷ್ಟವಾಗಿತ್ತು. ಅಂಗಡಿಯಲ್ಲಿ 32 ಡೆನ್ಸಿಟಿ, 40 ಡೆನ್ಸಿಟಿ ಅಂತ ಕೇಳಿರ್ತೀರಿ. ಅದು ಬರೀ ಹೆಸರಲ್ಲ, ಒಂದು ಘನ ಮೀಟರ್ ಫೋಮ್ ಅಷ್ಟು ಕೆ.ಜಿ. ತೂಗಬೇಕು ಅಂತ. ನಮ್ಮ ಹಾಸಿಗೆ 78 x 60 x 6 ಇಂಚು, ಅಂದರೆ ಹೆಚ್ಚುಕಡಿಮೆ 0.46 ಘನ ಮೀಟರ್. ನಲವತ್ತರಿಂದ ಗುಣಿಸಿದರೆ 18.4 ಕೆ.ಜಿ. ಆಗಬೇಕು. ತೂಗಿ ನೋಡಿದರೆ ಆಯ್ತಲ್ಲ?

ಹಿಂದಿನ ಬೀದಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿಯ ಗೋಡೌನ್ ಇದೆ. ತಮ್ಮನೂ ನಾನೂ ಹಾಸಿಗೆ ಹೊತ್ತುಕೊಂಡು ಹೋದೆವು. "ಏನ್ರಪ್ಪಾ, ಹಾಸಿಗೆ ಯಾವಾಗಿಂದ ಕ್ವಿಂಟಾಲ್ ಲೆಕ್ಕದಲ್ಲಿ ಮಾರ್ತೀರಿ?" ಅಂತ ಹಮಾಲರೆಲ್ಲ ನಕ್ಕರು. ಎಲೆಕ್ಟ್ರಾನಿಕ್ ಕಾಟಾದ ಮೇಲಿಟ್ಟರೆ, ಬಟ್ಟೆಯ ಕವರೂ ಸೇರಿ 13.2 ಕೆ.ಜಿ. 29 ಡೆನ್ಸಿಟಿಯೂ ಬೀಳಲಿಲ್ಲ. ವಿಡಿಯೋ ಮಾಡಿಕೊಂಡೆ.

ಇಲ್ಲಿಂದ ಮಾತಿನ ವರಸೆ ಬದಲಾಯ್ತು. ಗುಂಡಿ ಯಾಕೆ ಬಿತ್ತು ಅನ್ನೋದರ ಮೇಲೆ ಎಷ್ಟು ಬೇಕಾದರೂ ವಾದ ಮಾಡಬಹುದು. ಹೇಳಿದ ಮಾಲು ಕಳಿಸಿಲ್ಲ ಅಂತ ತೂಕವೇ ಹೇಳುವಾಗ ಏನು ವಾದ?

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರುವವರು ಕುಂದುಕೊರತೆ ಅಧಿಕಾರಿಯ ಹೆಸರನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತು ಅನ್ನಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ವೆಬ್‌ಸೈಟಿನ ತಳದಲ್ಲಿ, ಕಣ್ಣು ಕಿರಿದು ಮಾಡಿ ಹುಡುಕಿದರೆ, ಆ ವಿಳಾಸ ಸಿಕ್ಕಿತು. ಲೆಕ್ಕ, ವಿಡಿಯೋ, ಬಿಲ್ಲು ಎಲ್ಲ ಹಾಕಿ ಇಮೇಲ್ ಮಾಡಿದೆ. ತಲುಪಿತು ಅಂದರು. ಮೂವತ್ತು ದಿನ ಕಳೆದರೂ ಅಷ್ಟೇ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್. ಕನ್ನಡದಲ್ಲೇ ಮಾತಾಡಿದರು, ದೂರಿನ ನಂಬರ್ ಕೊಟ್ಟರು. ಸಹಾಯವಾಣಿ ತೀರ್ಪು ಕೊಡಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತೆ. ಅದರ ಜೊತೆಗೇ ನಾನು ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹಾಕುವ ದೂರಿನ ಕರಡು ಬರೆದು ಕಂಪನಿಗೂ ಒಂದು ಪ್ರತಿ ಕಳಿಸಿದೆ.

ಕರಡು ಬರೆಯುವಾಗ ಒಂದು ಸಂಶಯ ಬಂತು. ದುಡ್ಡು ಕೊಟ್ಟವನು ನಾನು, ಬೆಂಗಳೂರಲ್ಲಿದ್ದೇನೆ. ದೂರು ಶಿವಮೊಗ್ಗದಲ್ಲಿ ನಡೆಯುತ್ತಾ? ಗ್ರಾಹಕ ಸಂರಕ್ಷಣಾ ಕಾಯ್ದೆ 2019ನ್ನು ಓದಿದೆ (ಎಪಿಐ ಡಾಕ್ಯುಮೆಂಟ್ ಓದುವವರಿಗೆ ಇದೇನೂ ಕಷ್ಟವಲ್ಲ). ಕೊಂಡವನ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವರೂ ಗ್ರಾಹಕರೇ ಅಂತ ಅದರಲ್ಲಿದೆ. ಅಂದರೆ ಆ ಹಾಸಿಗೆ ಮೇಲೆ ಮಲಗಿದ ಅಪ್ಪಾಜಿಯೇ ಗ್ರಾಹಕ! ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಆಫೀಸ್ ಯಾವ ರಾಜ್ಯದಲ್ಲಿದ್ದರೂ ಸರಿ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಿಲ್ಲ. ಬೇಕಿದ್ದರೆ ಆಯೋಗ ಮಾಲನ್ನು ಪ್ರಯೋಗಾಲಯಕ್ಕೂ ಕಳಿಸಬಹುದು. ಈ ಕೊನೆಯ ಸಾಲನ್ನು ಕರಡಿನಲ್ಲಿ ಬೇಕಂತಲೇ ಬೋಲ್ಡ್ ಮಾಡಿದ್ದೆ.

"ನಾನು ಕೋರ್ಟಿಗೆ ಹೋಗ್ಬೇಕಾ?" ಅಂತ ಅಪ್ಪಾಜಿ ಗಾಬರಿಯಾದರು. ಸಹಿ ಹಾಕೋಕೆ ಎರಡು ದಿನ ತಗೊಂಡರು. ಮೂರನೇ ದಿನ ತಾವೇ ಫೋನ್ ಮಾಡಿ, "ಆ ತೂಕದ ವಿಡಿಯೋ ಸರಿಯಾಗಿ ಇಟ್ಕೊಂಡಿದೀಯ ತಾನೆ?" ಅಂದಾಗ ನನಗೆ ಧೈರ್ಯ ಬಂತು.

ದೂರು ದಾಖಲಿಸುವ ಪ್ರಮೇಯವೇ ಬರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದ ಹನ್ನೊಂದನೇ ದಿನ ಕಂಪನಿಯ ಹೊಸ ದನಿಯೊಂದು ತುಂಬ ವಿನಯದಿಂದ ಮಾತಾಡಿತು. ಮೊದಲು ಬದಲಿ ಹಾಸಿಗೆ ಅಂದರು, ಅದೇ ಫೋಮ್ ಮತ್ತೆ ಯಾಕೆ ಅಂತ ಬೇಡ ಅಂದೆ. ಪೂರ್ತಿ ಹಣಕ್ಕೆ ಒಪ್ಪಿದರು, ಆದರೆ ನಾನು ಹಾಕಿದ್ದ ಒಂದು ಸ್ಟಾರ್ ರಿವ್ಯೂ ತೆಗೀಬೇಕಂತೆ. ತೆಗೆಯಲಿಲ್ಲ. 'ದೂರಿನ ನಂತರ ಹಣ ಮರಳಿಸಿದರು' ಅಂತ ಒಂದು ಸಾಲು ಸೇರಿಸಿದೆ, ಅದೂ ನಿಜವೇ ಆದ್ದರಿಂದ. ಐದು ದಿನಕ್ಕೆ 11,490 ರೂಪಾಯಿ ಖಾತೆಗೆ ಬಂತು.

ತಂದುಕೊಡೋಕೆ ಬರುವ ಕೊರಿಯರ್ ನಮ್ಮೂರಿನಿಂದ ವಾಪಸ್ ಒಯ್ಯೋಕೆ ಬರಲ್ಲವಂತೆ. ಹಾಸಿಗೆಯನ್ನು ಕತ್ತರಿಸಿ ಫೋಟೋ ಕಳಿಸಿ ಅಂದರು. ಅಮ್ಮನಿಗೆ ಒಳ್ಳೇ ಬಟ್ಟೆ ಕತ್ತರಿಸೋಕೆ ಮನಸ್ಸಿಲ್ಲ, ಕವರ್ ಬಿಚ್ಚಿಟ್ಟುಕೊಂಡರು. ತಮ್ಮ ಕುಡುಗೋಲಿನಿಂದ ಕೊಯ್ದ. ಮೇಲೆ ಎರಡು ಬೆರಳು ಗಟ್ಟಿ ಫೋಮ್, ಅದರ ಕೆಳಗೆಲ್ಲ ಬಿಳಿಯ ಮೆದು ಸ್ಪಂಜು, ನಡುವೆ ಅಂಟು.

ಅಪ್ಪಾಜಿ ಈಗ ಪೇಟೆಯ ಅಂಗಡಿಯಿಂದ, ಜಿಪ್ ತೆಗೆಸಿ ಒಳಗೆ ಕೈಯಾಡಿಸಿ ನೋಡಿ ತಂದ ತೆಂಗಿನ ನಾರಿನ ಹಾಸಿಗೆಯ ಮೇಲೆ ಮಲಗುತ್ತಾರೆ. ಹಳೇ ಫೋಮ್‌ನ ಒಂದು ತುಂಡು ತಮ್ಮನ ಟ್ರ್ಯಾಕ್ಟರ್ ಸೀಟಿನ ಮೇಲಿದೆ, ಇನ್ನೊಂದು ಮೆಕ್ಕೆಜೋಳದ ವ್ಯಾಪಾರಿಯ ಕುರ್ಚಿಗೆ ಹೋಯಿತು. ತೂಗಿದ ಕೂಲಿ ಅಂತ ಅವರೇ ಕೇಳಿ ತಗೊಂಡರು.