ಮೂರು ಹಿಡಿ, ಒಂದು ಬಿಡು

ನಮ್ಮೂರಿನ ಹಳೇ ನೀರಿನ ಟ್ಯಾಂಕು 60 ಅಡಿ ಎತ್ತರದ್ದು. ಅದನ್ನು ನಾನು ಮೊದಲ ಸಲ ಹತ್ತಿದ್ದು 1983ರ ತೇರಿನ ದಿನ. ಕೊರಳಲ್ಲಿ ಯಾಶಿಕಾ ಮ್ಯಾಟ್ ಕ್ಯಾಮೆರಾ, ಜೇಬಿನಲ್ಲಿ ಇನ್ನೊಂದು ರೋಲು. ಒಂದು ರೋಲಿಗೆ 12 ಫೋಟೊ. ಜಾತ್ರೆ ಸಮಿತಿಯವರಿಗೆ ಕ್ಯಾಲೆಂಡರಿಗೆ ಹಾಕಲು ತೇರಿನ ಚಿತ್ರ ಬೇಕಿತ್ತು. ನೆಲದಲ್ಲಿ ನಿಂತರೆ ಸಿಗುವುದು ಜನರ ಬೆನ್ನು, ತೇರಿನ ಗಾಲಿ, ಗಾಳಿಯಲ್ಲಿ ಹಾರುವ ಬಾಳೆಹಣ್ಣು. ಇಡೀ ತೇರು, ಅದರ ಮುಂದೆ ಚಾಚಿದ ಎರಡು ಮಿಣಿ, ಮಿಣಿ ಹಿಡಿದ ನೂರಾರು ಕೈ, ಇಕ್ಕೆಲದ ಮಾಳಿಗೆ ಮನೆಗಳ ಮೇಲೆ ಸಾಲಾಗಿ ಕೂತ ಹೆಂಗಸರು ಮಕ್ಕಳು, ಇಷ್ಟೂ ಒಂದೇ ಚಿತ್ರದಲ್ಲಿ ಬರಬೇಕಾದರೆ ಎತ್ತರ ಬೇಕು. ಊರಲ್ಲಿ ಅಂಥ ಎತ್ತರ ಇದ್ದದ್ದು ಎರಡೇ ಕಡೆ, ದೇವಸ್ಥಾನದ ಗೋಪುರ ಮತ್ತು ಈ ಟ್ಯಾಂಕು. ಗೋಪುರ ಹತ್ತುವ ಹಾಗಿರಲಿಲ್ಲ.

ಟ್ಯಾಂಕಿನ ಗೇಟಿನ ಬೀಗದ ಕೈ ನೀರುಗಂಟಿಯ ಸೊಂಟದಲ್ಲಿರುತ್ತಿತ್ತು. ಅವರಿಗೆ ಆಗ ಐವತ್ತು ದಾಟಿತ್ತು. ನಮಗೆ ನೆಂಟರೇನೂ ಅಲ್ಲ, ಆದರೂ ನಾನು ಮಾವ ಅನ್ನುತ್ತಿದ್ದೆ. ಅವರು ನನ್ನನ್ನು ಕರೆಯುತ್ತಿದ್ದದ್ದು ‘ಫೋಟೊದಪ್ಪ’ ಎಂದು. ಬ್ಲೀಚಿಂಗ್ ಪೌಡರ್ ಹಾಕಲು, ಮಟ್ಟ ನೋಡಲು, ಟ್ಯಾಂಕು ತೊಳೆಯಲು ಆ ಏಣಿಯನ್ನು ಸಾವಿರಾರು ಸಲ ಹತ್ತಿದ್ದ ಮನುಷ್ಯ. ಮೊದಲ ದಿನ ಅವರು ನನ್ನನ್ನು ಏಣಿಯ ಬುಡದಲ್ಲಿ ನಿಲ್ಲಿಸಿ ಒಂದು ಮಾತು ಹೇಳಿದರು: “ಎರಡು ಕೈ, ಎರಡು ಕಾಲು. ಮೂರು ಹಿಡಿ, ಒಂದು ಬಿಡು. ಎರಡು ಬಿಟ್ಟೀಯೆ, ಫೋಟೊದಪ್ಪ, ನಾನು ನಿಮ್ಮಪ್ಪನಿಗೆ ಉತ್ತರ ಹೇಳಕ್ಕಾಗಲ್ಲ.”

ಏಣಿಯ ಒಂದೊಂದು ಮೆಟ್ಟಿಲನ್ನೂ ಹಿಡಿದು ಅಲುಗಿಸಿ ನೋಡಿ ಆಮೇಲೆ ಭಾರ ಹಾಕುವುದನ್ನು ಕಲಿಸಿದರು. ಗ್ಯಾಲರಿಯ ತಳದಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ವಾರ ಹತ್ತುವುದೇ ಇಲ್ಲ. ನೀರು ತುಂಬಿ ಹೊರಚೆಲ್ಲುವ ಕಡೆ ಪಾಚಿ ಕಟ್ಟಿರುತ್ತದೆ, ಅಲ್ಲಿ ಕಾಲಿಡುವುದಿಲ್ಲ. ಮೇಲೆ ಹೋದ ಮೇಲೆ ನನ್ನ ಸೊಂಟಕ್ಕೆ ಬಾವಿ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ದಪ್ಪ ಪೈಪಿಗೆ ಬಿಗಿಯುತ್ತಿದ್ದರು.

ಆ ಹಗ್ಗ ಯಾಕೆ ಬೇಕು ಎಂದು ನನಗೆ ಗೊತ್ತಾದದ್ದು ಎರಡನೆಯ ವರ್ಷ. ಯಾಶಿಕಾ ಮ್ಯಾಟ್‌ನಂಥ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುವುದಿಲ್ಲ. ಎದೆಯ ಹತ್ತಿರ ಹಿಡಿದು, ಮೇಲಿನ ಮುಚ್ಚಳ ತೆರೆದು, ಮಸುಕು ಗಾಜಿನೊಳಗೆ ಬಗ್ಗಿ ನೋಡಬೇಕು. ಆ ಗಾಜಿನಲ್ಲಿ ಚಿತ್ರ ನೇರವಾಗಿಯೇ ಕಾಣುತ್ತದೆ, ಆದರೆ ಎಡ ಬಲ ಅದಲುಬದಲು. ತೇರು ಬಲಕ್ಕೆ ಹೊರಳುತ್ತಿದ್ದರೆ ಗಾಜಿನಲ್ಲಿ ಎಡಕ್ಕೆ ಹೋಗುತ್ತದೆ. ವರ್ಷಗಟ್ಟಲೆ ಅಭ್ಯಾಸವಿದ್ದವನಿಗೂ ಆತುರದಲ್ಲಿ ದಿಕ್ಕು ತಪ್ಪುತ್ತದೆ. ಅವತ್ತು ಕಳಸ ಚೌಕಟ್ಟಿನಿಂದ ಹೊರಗೆ ಹೋಯಿತೆಂದು ನಾನು ಅದನ್ನು ಹಿಂಬಾಲಿಸಿ ಒಂದು ಹೆಜ್ಜೆ ಸರಿದೆ. ಗ್ಯಾಲರಿಯ ಕಟಕಟೆಯಲ್ಲಿ ಪೈಪು ಕಿತ್ತುಹೋಗಿದ್ದ ಜಾಗ ಅದೇ. ಹಗ್ಗ ಸೊಂಟಕ್ಕೆ ಬಿಗಿದಾಗ ತಲೆ ಎತ್ತಿದೆ. ನನ್ನ ಬಲಗಾಲಿನ ಅರ್ಧ ಪಾದ ಗಾಳಿಯಲ್ಲಿತ್ತು. ಕೆಳಗೆ ತೇರು, ಜನ, ಡೊಳ್ಳು. ಭಯ ಆ ಕ್ಷಣ ಬರಲಿಲ್ಲ, ರಾತ್ರಿ ಡಾರ್ಕ್ ರೂಮಿನಲ್ಲಿ ಆ ನೆಗೆಟಿವ್ ತೊಳೆಯುವಾಗ ಕೈ ನಡುಗಿತು. ಚಿತ್ರ ಅಲುಗಾಡಿತ್ತು, ಕೆಲಸಕ್ಕೆ ಬರಲಿಲ್ಲ. ಆ ನೆಗೆಟಿವ್ ಈಗಲೂ ನನ್ನ ಹತ್ತಿರ ಇದೆ.

ಎತ್ತರದಲ್ಲಿ ಫೋಟೊ ಎಂದರೆ ಏನೆಂದು ನನಗೆ ಆ ಅರ್ಧ ಪಾದ ಕಲಿಸಿತು. ಕ್ಯಾಮೆರಾ ಮೊದಲು ಒಂದು ಕೈ ಕೇಳುತ್ತದೆ, ಆಮೇಲೆ ಇನ್ನೊಂದು. ಕೊನೆಗೆ ಎರಡು ಕಣ್ಣನ್ನೂ ತೆಗೆದುಕೊಳ್ಳುತ್ತದೆ. ನೀರುಗಂಟಿಯ ಲೆಕ್ಕದಲ್ಲಿ ಉಳಿಯುವುದು ಎರಡು ಕಾಲು ಮಾತ್ರ, ಅದೂ ನೋಡದೆ ಇಟ್ಟ ಕಾಲು.

ನನ್ನ ಗುರುಗಳ ಸ್ಟುಡಿಯೊದಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳ ಕಟ್ಟು ಇತ್ತು. ಅದರಲ್ಲಿ ಎರಡು ಚಿತ್ರಗಳನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ಒಂದು, ನ್ಯೂಯಾರ್ಕಿನಲ್ಲಿ 1932ರ ಸೆಪ್ಟೆಂಬರ್ 20ರಂದು ತೆಗೆದದ್ದು. ಕಟ್ಟುತ್ತಿದ್ದ ಕಟ್ಟಡದ 69ನೆಯ ಮಹಡಿಯ ಉಕ್ಕಿನ ತೊಲೆಯ ಮೇಲೆ 11 ಜನ ಕೂಲಿಗಳು ಸಾಲಾಗಿ ಕೂತು ಬುತ್ತಿ ಬಿಚ್ಚಿದ್ದಾರೆ. ಕಾಲ ಕೆಳಗೆ ಸುಮಾರು 840 ಅಡಿ. ಅದು ಕಟ್ಟಡದ ಪ್ರಚಾರಕ್ಕೆಂದೇ ಅವರನ್ನು ಕೂರಿಸಿ ತೆಗೆಸಿದ ಚಿತ್ರ ಎಂದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಕೂತವರು ಮಾತ್ರ ನಿಜವಾದ ಕೆಲಸಗಾರರು, ದಿನವೂ ಅದೇ ಎತ್ತರದಲ್ಲಿ ದುಡಿಯುತ್ತಿದ್ದವರು. ಕ್ಲಿಕ್ಕಿಸಿದವನು ಯಾರು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಅವತ್ತು ಒಬ್ಬರಿಗಿಂತ ಹೆಚ್ಚು ಫೋಟೊಗ್ರಾಫರುಗಳು ಅಲ್ಲಿದ್ದರು.

ಇನ್ನೊಂದು ಮಾರ್ಗರೆಟ್ ಬರ್ಕ್-ವೈಟ್ ಅವರದು. ಗಾಂಧೀಜಿ ಚರಕದ ಪಕ್ಕ ಕೂತು ಓದುತ್ತಿರುವ 1946ರ ಚಿತ್ರ ನಾವೆಲ್ಲ ನೋಡಿದ್ದೇವಲ್ಲ, ಅದನ್ನು ತೆಗೆದವರು. ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದ 61ನೆಯ ಮಹಡಿಯಿಂದ ಹೊರಚಾಚಿದ ಉಕ್ಕಿನ ಹದ್ದಿನ ತಲೆಯ ಮೇಲೆ ಆಕೆ ಕ್ಯಾಮೆರಾ ಹಿಡಿದು ಕೂತಿದ್ದಾರೆ. ಆ ಚಿತ್ರ ತೆಗೆದದ್ದು ಅವರ ಡಾರ್ಕ್ ರೂಮಿನ ಸಹಾಯಕ ಆಸ್ಕರ್ ಗ್ರೌಬ್ನರ್. ಆಕೆಯ ಕ್ಯಾಮೆರಾ ಊರಿನ ಕಡೆಗಿದೆ, ಸಹಾಯಕನ ಕ್ಯಾಮೆರಾ ಆಕೆಯ ಕಡೆಗೆ. ನನಗೆ ಆಗ ಮೊದಲನೆಯ ಕ್ಯಾಮೆರಾ ಮಾತ್ರ ಮುಖ್ಯ ಅನ್ನಿಸಿತ್ತು. ಮುಂದೆ ಜಗತ್ತನ್ನು ಆಳಿದ್ದು ಎರಡನೆಯದು.

ಹಳೆಯ ಕಾಲ ಸುರಕ್ಷಿತವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾವೂ ಪಂದ್ಯ ಕಟ್ಟಿ ತೆಂಗಿನ ಮರ ಹತ್ತಿದವರೇ. ನನ್ನ ಜೊತೆ ಓದುತ್ತಿದ್ದ ಒಬ್ಬ ಹಾಗೆ ಬಿದ್ದು ಬೆನ್ನುಮೂಳೆ ಮುರಿದುಕೊಂಡ, ಆಮೇಲೆ ನಡೆಯಲೇ ಇಲ್ಲ. ಮೂರು ಹಿಡಿಯಲು ಕಲಿಸಿದ ನೀರುಗಂಟಿಯೇ 1996ರಲ್ಲಿ ಏಣಿಯಿಂದ ಜಾರಿದರು. ತಪ್ಪು ಅವರದಲ್ಲ, ತುಕ್ಕು ತಿಂದಿದ್ದ ಮೆಟ್ಟಿಲು ಬೆಸುಗೆಯಿಂದ ಕಳಚಿ ಕೈಗೇ ಬಂತು. ಸೊಂಟದ ಮೂಳೆ ಮುರಿಯಿತು, ಕೊನೆಯವರೆಗೂ ಕೋಲು ಹಿಡಿದು ನಡೆದರು. ಆ ಮೆಟ್ಟಿಲು ಸರಿಮಾಡಿ ಎಂದು ಅವರು ಎಷ್ಟು ಸಲ ಕೇಳಿದ್ದರೋ. ಇಷ್ಟು ವರ್ಷ ನಾನು ಆ ಟ್ಯಾಂಕಿನ ಮೇಲೆ ಫೋಟೊ ತೆಗೆದೆನಲ್ಲ, ಆ ಮನುಷ್ಯ ಏಣಿಯ ಮೇಲಿರುವ ಒಂದು ಚಿತ್ರವನ್ನೂ ತೆಗೆಯಲಿಲ್ಲ. ಅವರ ಮಗ ಶ್ರಾದ್ಧಕ್ಕೆ ಫೋಟೊ ಕೇಳಲು ಬಂದಾಗ ರೇಷನ್ ಕಾರ್ಡಿನದನ್ನೇ ದೊಡ್ಡದು ಮಾಡಿ ಕೊಟ್ಟೆ.

ಮೊಬೈಲಿಗೆ ಮುಂದಿನ ಕ್ಯಾಮೆರಾ ಬಂದ ಮೇಲೆ ಫೋಟೊ ತೆಗೆಯುವವನೇ ಫೋಟೊ ಆದ. ಎತ್ತರದಲ್ಲಿ ಇದರ ಅರ್ಥ ಬೇರೆ. ಊರನ್ನು ತೆಗೆಯುವವನು ಊರಿನ ಕಡೆ, ಅಂದರೆ ಪ್ರಪಾತದ ಕಡೆ ಮುಖ ಮಾಡಿರುತ್ತಾನೆ. ತನ್ನನ್ನು ತೆಗೆದುಕೊಳ್ಳುವವನು ಅದಕ್ಕೆ ಬೆನ್ನು ಕೊಡಬೇಕು. 2014ರಲ್ಲಿ ವಿತಾಲಿ ರಸ್ಕಲೋವ್, ವಾದಿಮ್ ಮಾಖೊರೊವ್ ಎಂಬ ಇಬ್ಬರು ಇನ್ನೂ ಕಟ್ಟುತ್ತಿದ್ದ ಶಾಂಘೈ ಟವರಿನ ತುದಿಗೆ, ಅದಕ್ಕೂ ಮೇಲಿದ್ದ ಕ್ರೇನಿನ ತುದಿಗೆ ಹಗ್ಗವಿಲ್ಲದೆ ಹತ್ತಿದರು. 632 ಮೀಟರಿನ ಕಟ್ಟಡ. ಆ ವಿಡಿಯೊವನ್ನು ಲೋಕವೆಲ್ಲ ನೋಡಿತು. ನನ್ನ ಅಳಿಯ ತೋರಿಸಿದಾಗ ನಾನು ನೋಡಿದ್ದು ಅವರ ಕೈಗಳನ್ನು. ಹತ್ತುವಾಗ ಗಟ್ಟಿಯಾಗಿ ಹಿಡಿದ ಕೈಗಳು ಅವು. ಅದನ್ನು ನೋಡಿ ಹೊರಟ ಎಷ್ಟೋ ಹುಡುಗರಿಗೆ ಕಂಡದ್ದು ತುದಿ ಮಾತ್ರ.

ಚೀನಾದ ವು ಯೊಂಗ್‌ನಿಂಗ್‌ನ ಸಾವು ನನ್ನನ್ನು ಬಹಳ ದಿನ ಕಾಡಿತು. ಸಿನಿಮಾಗಳಲ್ಲಿ ಸಣ್ಣಪುಟ್ಟ ಸಾಹಸ ಪಾತ್ರ ಮಾಡುತ್ತಿದ್ದ, 26 ವರ್ಷದ ಹುಡುಗ. ಎತ್ತರದ ಕಟ್ಟಡಗಳ ಅಂಚಿಗೆ ಜೋತುಬಿದ್ದು ವಿಡಿಯೊ ಮಾಡಿ ಹಾಕಿ ಸಂಪಾದಿಸುತ್ತಿದ್ದ. 2017ರ ನವೆಂಬರ್ 8ರಂದು ಚಾಂಗ್‌ಶಾ ನಗರದಲ್ಲಿ 62 ಮಹಡಿಯ ಕಟ್ಟಡದ ತುದಿಯಲ್ಲಿ ತಾನೇ ಕ್ಯಾಮೆರಾ ಇಟ್ಟು, ಅಂಚು ಹಿಡಿದು ಕೆಳಗೆ ಜೋತುಬಿದ್ದ. ಮೈಯನ್ನು ಮೇಲೆಳೆದುಕೊಂಡ, ಮತ್ತೆ ಇಳಿಬಿಟ್ಟ. ಕೊನೆಗೆ ತೋಳು ಸೋತವು. ಕಾಲು ಗೋಡೆಯ ಮೇಲೆ ಹಿಡಿತ ಹುಡುಕಿ ಜಾರಿದವು. ಕ್ಯಾಮೆರಾ ಅಷ್ಟನ್ನೂ ಸೆರೆಹಿಡಿಯಿತು. ಅಲ್ಲಿ ಕೈಕೊಡಲು ಇನ್ನೊಬ್ಬ ಮನುಷ್ಯ ಇರಲಿಲ್ಲ. ಅವನ ತಾಯಿ ವಿಡಿಯೊ ಪ್ರಸಾರ ಮಾಡಿದ ಕಂಪನಿಯ ಮೇಲೆ ದಾವೆ ಹೂಡಿದಳು. ಕಂಪನಿಗೂ ಜವಾಬ್ದಾರಿ ಇದೆ ಎಂದು 2019ರಲ್ಲಿ ಬೀಜಿಂಗಿನ ನ್ಯಾಯಾಲಯ ಒಪ್ಪಿತು, 30,000 ಯುವಾನ್ ಕೊಡಲು ಹೇಳಿತು. ಆಗ ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ ರೂಪಾಯಿ. ಮೊತ್ತ ಸಣ್ಣದು. ಆದರೂ ನೋಡುವವರಿಗೆ, ತೋರಿಸುವವರಿಗೆ ಪಾಲಿದೆ ಎಂದು ಒಂದು ನ್ಯಾಯಾಲಯವಾದರೂ ಬರೆದಿಟ್ಟಿತಲ್ಲ.

ದೆಹಲಿಯ ಏಮ್ಸ್ ವೈದ್ಯರು 2018ರಲ್ಲಿ ಸೆಲ್ಫಿ ಸಾವುಗಳ ಸುದ್ದಿಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. 2011ರಿಂದ 2017ರವರೆಗೆ ಜಗತ್ತಿನಲ್ಲಿ 137 ಘಟನೆಗಳು, 259 ಸಾವುಗಳು. ಅತಿ ಹೆಚ್ಚು ನಮ್ಮ ದೇಶದಲ್ಲಿ. ಸತ್ತವರ ಸರಾಸರಿ ವಯಸ್ಸು 23ರ ಆಸುಪಾಸು.

ನಮ್ಮ ಜಿಲ್ಲೆಯ ಹುಡುಗರಿಗೆ ಹತ್ತುವುದು ಕಣ್ಣೆದುರಿನ ಸಂಗತಿ. ಚಿತ್ರದುರ್ಗದ ಕೋಟೆಯಲ್ಲಿ ಜ್ಯೋತಿರಾಜ್ ಬರಿಗೈಯಲ್ಲಿ ಗೋಡೆ ಏರುವುದನ್ನು ನೋಡಿಯೇ ಬೆಳೆದವರು. ಆ ಕಲ್ಲು ಅವರ ವರ್ಷಾನುಗಟ್ಟಲೆಯ ಅಭ್ಯಾಸ, ಫೋಟೊ ತೆಗೆಯುವವರು ಕೆಳಗೆ ನಿಂತವರು. ಅದೇ ಕೋಟೆಯ ಬತೇರಿಯ ಅಂಚಿನಲ್ಲಿ ಚಪ್ಪಲಿ ಹಾಕಿಕೊಂಡು, ಸೆಲ್ಫಿ ಕೋಲು ಚಾಚಿಕೊಂಡು ಹಿಂದೆ ಹಿಂದೆ ಸರಿಯುವವರನ್ನು ನಾನೇ ಎಷ್ಟೋ ಸಲ ಕರೆದು ಈಚೆ ನಿಲ್ಲಿಸಿದ್ದೇನೆ. ಕೆಲವರು ಬೈದಿದ್ದಾರೆ.

ನಮ್ಮೂರಿನ ತೇರನ್ನು ಈಗ ಡ್ರೋನ್ ತೆಗೆಯುತ್ತದೆ. ಕಳೆದ ಜಾತ್ರೆಯಲ್ಲಿ ನನ್ನ ಮಗನೇ ಹಾರಿಸಿದ. ನಾನು ಹತ್ತು ವರ್ಷ ಪರದಾಡಿ ಹಿಡಿಯಲಾಗದ ಕೋನ ಅವನಿಗೆ ಎರಡು ನಿಮಿಷದಲ್ಲಿ ಸಿಕ್ಕಿತು. ಒಳ್ಳೆಯದೇ ಆಯಿತು. ನೋಟಕ್ಕಾಗಿ ಇನ್ನು ಯಾರೂ ಟ್ಯಾಂಕು ಹತ್ತಬೇಕಾಗಿಲ್ಲ. ಆದರೆ ಹತ್ತುವವರು ಹೆಚ್ಚಾಗಿದ್ದಾರೆ.

2021ರಲ್ಲಿ ಒಬ್ಬ ಹುಡುಗ ನನ್ನ ಸ್ಟುಡಿಯೊಗೆ ಬಂದ. ಬೈಕ್ ಗ್ಯಾರೇಜಿನಲ್ಲಿ ಕೆಲಸ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಉಗುರಿನ ಸಂದಿಯಲ್ಲಿ ಆಯಿಲ್. “ಅಂಕಲ್, ಇದನ್ನ ದೊಡ್ಡದು ಮಾಡಿ ಫ್ರೇಮ್ ಹಾಕಿಕೊಡಿ” ಎಂದು ಮೊಬೈಲ್ ಮುಂದಿಟ್ಟ. ಹಳೇ ಟ್ಯಾಂಕಿನ ಗ್ಯಾಲರಿ. ಕಟಕಟೆ ಪೂರ್ತಿ ಹೋಗಿದೆ. ಅಂಚಿನಲ್ಲಿ ಪಕ್ಕಕ್ಕೆ ತಿರುಗಿ ಕೂತಿದ್ದಾನೆ, ಕಾಲು ಕೆಳಗೆ ಇಳಿಬಿಟ್ಟು, ಎರಡೂ ಕೈ ಅಗಲಿಸಿ. ಮೊಬೈಲಿನ ಪೋರ್ಟ್ರೇಟ್ ಮೋಡಿನಲ್ಲಿ ತೆಗೆದ ಚಿತ್ರ, ಹಾಗಾಗಿ ಹಿಂದಿನ ಊರೆಲ್ಲ ಬಣ್ಣದ ಮಸುಕು. ದೇವಸ್ಥಾನದ ಗೋಪುರ ಎಲ್ಲಿದೆ ಎಂದು ನನಗೇ ಗುರುತು ಸಿಗಲಿಲ್ಲ.

ಹುಡುಗನ ಮುಖದಲ್ಲಿ ಇದ್ದ ಹಿಗ್ಗನ್ನು ನಾನು ಬಲ್ಲೆ. ಆ ಎತ್ತರದಲ್ಲಿ ಗಾಳಿಯ ಸದ್ದು ಬೇರೆ, ಕೆಳಗಿನವರು ಯಾರೂ ನಿನಗೆ ಕೆಲಸ ಹೇಳುವುದಿಲ್ಲ. ದಿನಕ್ಕೆ ಹತ್ತು ಗಂಟೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಚಕ್ರ ಬಿಚ್ಚುವವನಿಗೆ ಅದು ಸಣ್ಣದಲ್ಲ. ನಾಲ್ಕು ಸಾವಿರ ಜನ ನೋಡಿದ್ದಾರೆ ಅಂದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಆದರೆ ಕಂಪ್ಯೂಟರಿನಲ್ಲಿ ಚಿತ್ರ ಹಿಗ್ಗಿಸಿದಾಗ ಅವನು ಕೂತ ಅಂಚು ಕಂಡಿತು. ಅವನಷ್ಟೇ ದೂರದಲ್ಲಿದ್ದದ್ದರಿಂದ ಅದೊಂದು ಮಸುಕಾಗಿರಲಿಲ್ಲ. ತೊಡೆಯ ಕೆಳಗೆ ಉದ್ದಕ್ಕೆ ಬಿರುಕು, ಬಿರುಕಿನಿಂದ ಕಂದು ನೀರಿನ ಕಲೆ, ಒಂದು ಕಡೆ ಕಾಂಕ್ರೀಟು ಉದುರಿ ಕಂಬಿಯೇ ಹೊರಗೆ. ತುಕ್ಕು ಹಿಡಿದ ಕಂಬಿ ಊದಿಕೊಳ್ಳುತ್ತದೆ, ಊದಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ನಲವತ್ತು ವರ್ಷ ನೀರು ಜಿನುಗಿದ, ಬ್ಲೀಚಿಂಗ್ ಪೌಡರ್ ಚೆಲ್ಲಿದ ಜಾಗದಲ್ಲಿ ಅದು ಇನ್ನೂ ಬೇಗ.

ನಾನು ಅಷ್ಟು ಭಾಗವನ್ನೇ ಕತ್ತರಿಸಿ, 12 ಇಂಚಿಗೆ 18 ಇಂಚು ಪ್ರಿಂಟ್ ಹಾಕಿ ಅವನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ.

“ಇದರಲ್ಲಿ ನಾನೇ ಇಲ್ವಲ್ಲ ಅಂಕಲ್.”

“ನೀನು ಕೂತಿದ್ದ ಜಾಗ ಕಣಪ್ಪ ಅದು.”

ಬಿರುಕಿನ ಮೇಲೆ ಬೆರಳಿಟ್ಟು ತುದಿಯವರೆಗೂ ಎಳೆದ. ಕಬ್ಬಿಣದ ಜೊತೆ ಕೆಲಸ ಮಾಡುವವನಲ್ಲವೇ, ತುಕ್ಕು ಅಂದರೆ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, “ಶಾಲೆ ಕಡೆ ಸೈಡು ಗಟ್ಟಿ ಇದೆಯಾ?”

ಇಲ್ಲ ಅಂದೆ. ಪ್ರಿಂಟನ್ನು ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಹೋದ. ಅದರ ಇನ್ನೊಂದು ಪ್ರತಿಯನ್ನು ನಾನು ಮಾರನೆಯ ದಿನ ಪಂಚಾಯಿತಿಗೆ ಒಯ್ದೆ. ವಾರದೊಳಗೆ ಗ್ಯಾಸ್ ಕಟ್ಟರ್ ತಂದು ಏಣಿಯ ಕೆಳಗಿನ 12 ಅಡಿಯನ್ನು ಕತ್ತರಿಸಿದರು. ಆ ತುಂಡು ಈಗಲೂ ಪಂಪ್ ಹೌಸಿನ ಹಿಂದೆ ಬಿದ್ದಿದೆ. ಹುಡುಗರು ಒಂದೊಂದು ಸಲ ಬಿದಿರೇಣಿ ತರುತ್ತಾರೆ ಎಂದು ಈಗಿನ ನೀರುಗಂಟಿ ಹೇಳುತ್ತಾನೆ. ಸಂಜೆ ಐದರ ಮೇಲೆ ಟ್ಯಾಂಕಿನ ಹತ್ತಿರ ಯಾರಾದರೂ ಕಂಡರೆ ಅವನು ನನಗೆ ಫೋನ್ ಮಾಡುತ್ತಾನೆ. ನಾನು ಅಂಗಡಿಗೆ ಅರ್ಧ ಶಟರ್ ಎಳೆದು ಹೊರಡುತ್ತೇನೆ.