ಅವಾಹಕವೋ ದುರ್ವಾಹಕವೋ

ನಾಸಿಕದಲ್ಲಿ ನೆಲೆಸಿರುವ ನಾವು ಕೆಲವು ಕುಟುಂಬದವರು ಭಾನುವಾರಗಳಂದು ಮಕ್ಕಳನ್ನು ಕೂಡಿಸಿಕೊಂಡು ಕನ್ನಡ ಕಲಿಸುತ್ತೇವೆ. ಕಾಗುಣಿತ, ಕಥೆ, ಹಾಡು ಇವಿಷ್ಟರಲ್ಲೇ ನಿಂತರೆ ಮನೆಮಾತು ಹಬ್ಬದಡುಗೆಯ ಮಾತಾಗಿ ಉಳಿದೀತೆಂಬ ಅಳುಕು ನಮ್ಮದು. ಆದ್ದರಿಂದ ಈ ಬಾರಿ ವಿದ್ಯುತ್ತಿನ ಮೊದಲ ಪಾಠವನ್ನು ಕನ್ನಡದಲ್ಲಿಯೇ ಹೇಳತೊಡಗಿದೆವು.

ಒಂದೂವರೆ ವೋಲ್ಟಿನ ಸೆಲ್ಲು, ಟಾರ್ಚಿನ ಬಲ್ಬು, ಎರಡು ತುಂಡು ತಂತಿ. ಸೆಲ್ಲಿನ ಒಂದು ತುದಿಯಿಂದ ಹೊರಟ ದಾರಿ ಬಲ್ಬನ್ನು ಹಾದು ಇನ್ನೊಂದು ತುದಿಗೆ ಮರಳಿದಾಗ ಮಾತ್ರ ದೀಪ ಹತ್ತಿತು. ಶಾಲೆಯ ಮರಾಠಿಯಲ್ಲಿ ಇದು ಪರಿಪಥ, ನಮ್ಮಲ್ಲಿ ಮಂಡಲ. "ರಂಗೋಲಿಯ ಮಂಡಲದ ಹಾಗೆಯೇ?" ಎಂದು ಒಬ್ಬಳು ಕೇಳಿದಳು. ಹೌದು, ಗೆರೆ ಎಲ್ಲಿಯೂ ಕಡಿಯಬಾರದು. ಬೇಕೆಂದಾಗ ಆ ಗೆರೆಯನ್ನು ಕಡಿದು, ಬೇಕೆಂದಾಗ ಕೂಡಿಸುವ ಉಪಾಯವೇ ಸ್ವಿಚ್ಚು.

ಬಲ್ಬು ಕರೆಂಟನ್ನು ತಿಂದುಬಿಡುತ್ತದೆ ಎಂಬುದು ಎಲ್ಲ ಮಕ್ಕಳ ನಂಬಿಕೆ. ಅದಕ್ಕೆ ಉತ್ತರ ದೊರೆತದ್ದು ಪೈಠಣದಲ್ಲಿ. ಛತ್ರಪತಿ ಸಂಭಾಜಿನಗರದ ಕನ್ನಡಿಗ ಮಿತ್ರರೊಡನೆ ಅಲ್ಲಿಗೆ ಹೋದಾಗ ಜಾಯಕವಾಡಿ ಅಣೆಕಟ್ಟನ್ನು ತೋರಿಸಿದೆವು. ನಮ್ಮ ನಾಸಿಕವನ್ನು ಹಾದು ಬಂದ ಗೋದಾವರಿಯೇ ಅಲ್ಲಿ ನಾಥಸಾಗರ. ಅಲ್ಲಿನ 12 ಮೆಗಾವ್ಯಾಟಿನ ಯಂತ್ರವನ್ನು ತಿರುಗಿಸಿ ಹೊರಬೀಳುವ ನೀರು ಒಂದು ಹನಿಯೂ ಕಡಿಮೆಯಾಗಿರುವುದಿಲ್ಲ. ಹಾಗಾದರೆ ಖರ್ಚಾದದ್ದೇನು? ನೀರಿನ ಎತ್ತರ. ಆ ಯಂತ್ರ ಹಿಮ್ಮುಖವಾಗಿ ತಿರುಗಿ, ವಿದ್ಯುತ್ತನ್ನು ವ್ಯಯಿಸಿ, ನೀರನ್ನು ಮತ್ತೆ ಮೇಲೆತ್ತಲೂ ಬಲ್ಲದು ಎಂದಾಗ ಮಕ್ಕಳಿಗೆ ಬಲು ಸೋಜಿಗ. ಬಲ್ಬಿನೊಳಗೆ ಹೋದಷ್ಟೇ ಕರೆಂಟು ಹೊರಬರುತ್ತದೆ, ಸೆಲ್ಲು ಕೊಟ್ಟ ಶಕ್ತಿ ಮಾತ್ರ ಬೆಳಕಾಗಿ ಬಿಸಿಯಾಗಿ ಸೋರಿಹೋಗುತ್ತದೆ ಎಂಬುದನ್ನು ಆಮೇಲೆ ವಿವರಿಸುವುದು ಸುಲಭವಾಯಿತು.

ತೊಡಕು ಬಂದದ್ದು ಮುಂದಿನ ಪಾಠದಲ್ಲಿ. ಸ್ಟೀಲಿನ ಚಮಚವನ್ನು ನಡುವೆ ಸೇರಿಸಿದರೆ ದೀಪ ಹತ್ತುತ್ತದೆ, ಆದ್ದರಿಂದ ಅದು ವಾಹಕ. ಮರದ ಅಳತೆಪಟ್ಟಿಯನ್ನಿಟ್ಟರೆ ಹತ್ತದು, ಅದು ಅವಾಹಕ. ಮರಾಠಿಯಲ್ಲಿ ಇದಕ್ಕೆ ದುರ್ವಾಹಕವೆನ್ನುತ್ತಾರೆ. ದುರ್ಜನ, ದುರ್ಗಂಧಗಳ ಸಾಲಿನಲ್ಲಿ ಕೂರಲು ಪಾಪ, ಮರ ಮಾಡಿದ ತಪ್ಪೇನು ಎಂದು ಮಕ್ಕಳೆಲ್ಲ ನಕ್ಕರು. ಅಷ್ಟರಲ್ಲಿ ಒಬ್ಬ ಹುಡುಗ ತಂತಿಯ ತುದಿಗಳನ್ನು ನಲ್ಲಿಯ ನೀರಿನಲ್ಲಿ ಅದ್ದಿದ. ದೀಪ ಹತ್ತಲಿಲ್ಲ. "ನೀರೂ ಅವಾಹಕ!" ಎಂದು ಘೋಷಿಸಿಯೇಬಿಟ್ಟ.

ಇದು ಪ್ರಾಣಕ್ಕೆ ಎರವಾಗುವ ತೀರ್ಮಾನ. ಲವಣಗಳು ಕರಗಿರುವ ನಲ್ಲಿಯ ನೀರಿನಲ್ಲಿ ಕರೆಂಟು ಹರಿಯುತ್ತದೆ; ಸೆಲ್ಲಿನ ಅಲ್ಪ ಒತ್ತಡಕ್ಕೆ ಬಲ್ಬು ಬೆಳಗುವಷ್ಟು ಹರಿಯುವುದಿಲ್ಲ, ಅಷ್ಟೆ. ಮನೆಯ 230 ವೋಲ್ಟಿನ ಮಾತೇ ಬೇರೆ. ಎದೆಬಡಿತ ಕೆಡಲು ಆಂಪಿಯರಿನ ಹತ್ತನೆಯ ಒಂದು ಪಾಲು ಸಾಕು. ಟಾರ್ಚಿನ ಬಲ್ಬಿಗೆ ಸಾಮಾನ್ಯವಾಗಿ ಅದಕ್ಕಿಂತಲೂ ಹೆಚ್ಚು ಬೇಕು. ಬಲ್ಬು ಹತ್ತಲಿಲ್ಲವೆಂಬುದು ಅಭಯವಲ್ಲ.

ಆಗ ನಮಗೆ ಮರಾಠಿಯ ಮಾತು ಹೆಚ್ಚು ಪ್ರಾಮಾಣಿಕವೆನ್ನಿಸಿತು. ಅವಾಹಕವೆಂದರೆ ಒಯ್ಯದು ಎಂದು ಭರವಸೆ ಕೊಟ್ಟಂತೆ. ದುರ್ವಾಹಕವೆಂದರೆ ಚೆನ್ನಾಗಿ ಒಯ್ಯದು, ಆದರೆ ಒಯ್ದರೂ ಒಯ್ದೀತು. ಕನ್ನಡ ಕಲಿಸಲು ಕುಳಿತು ನೆರೆಯ ಭಾಷೆಯ ಪಕ್ಷ ವಹಿಸುವುದು ಕೆಲವು ಹಿರಿಯರಿಗೆ ರುಚಿಸಲಿಲ್ಲ. ನಾವು ಎರಡು ಮಾತುಗಳನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದೆವು.

ನಮ್ಮ ಜಿಲ್ಲೆಯ ಯೇವಲೆಯಲ್ಲಿ ಸಂಕ್ರಾಂತಿಗೆ ಆಕಾಶವೆಲ್ಲ ಗಾಳಿಪಟ. ಮಕ್ಕಳು ಈ ಸಲವೂ ಅಲ್ಲಿಗೆ ಹೊರಟಿದ್ದಾರೆ. ತಂತಿಗೆ ಸಿಕ್ಕಿಕೊಂಡ ಪಟವನ್ನು ಬಿದಿರುಗಳುವಿನಿಂದ ಬಿಡಿಸಬಹುದೇ, ಬಿದಿರು ಅವಾಹಕವಲ್ಲವೇ ಎಂದು ಅದೇ ಹುಡುಗ ಕೇಳಿದ. ನಾವು ಬಾಯಿ ತೆರೆಯುವ ಮೊದಲೇ ರಂಗೋಲಿಯ ಹುಡುಗಿ ಹಲಗೆಯ ಕಡೆಗೆ ಕೈತೋರಿಸಿ, "ಆ ತಂತಿಯಲ್ಲಿ 11,000 ವೋಲ್ಟ್ ಇದ್ದರೆ? ಬಿದಿರು ಇಬ್ಬನಿಯಲ್ಲಿ ನೆಂದಿದ್ದರೆ?" ಎಂದಳು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ಇನ್ನೊಂದು ಪಟ ಕೊಳ್ಳಲು ದುಡ್ಡು ಕೊಡುವಿರಾ ಎಂದು ನಮ್ಮನ್ನು ಕೇಳಿದ. ಕೊಡುತ್ತೇವೆಂದು ಒಪ್ಪಿಕೊಂಡೆವು.